ಜೇನು ಪೆಟ್ಟಿಗೆ ಯಾವ ಸೈಜ್ ತಗೋಬೇಕು? ಬಯಲುಸೀಮೆ ತೋಟದವರಿಗೆ

ಹೊಂಗೆ ಮರ ಎಲೆ ಉದುರ್ಸಿ ಚಿಗುರೋ ಹೊತ್ತಿಗೆ ಸರಿಯಾಗಿ ಯಾರಾದ್ರೂ ಫೋನ್ ಮಾಡ್ತಾರೆ, ಗುಬ್ಬಿ ಕಡೆಯಿಂದಲೋ ತಿಪಟೂರು ಕಡೆಯಿಂದಲೋ, ಪ್ರಶ್ನೆ ಮಾತ್ರ ಒಂದೇ. "ಅಣ್ಣಾ, ತೋಟದಲ್ಲಿ ಜೇನು ಇಡ್ಬೇಕು ಅಂತಿದೀನಿ, ಬಾಕ್ಸು ದೊಡ್ಡದೇ ತಗೊಂಡ್ಬಿಡ್ಲಾ, ದೊಡ್ಡದಾದ್ರೆ ಜೇನುತುಪ್ಪ ಜಾಸ್ತಿ ಬರುತ್ತಲ್ವಾ?" ಬರಲ್ಲಪ್ಪ. ಪಾತ್ರೆ ದೊಡ್ಡದು ಇಟ್ಟ ಮಾತ್ರಕ್ಕೆ ಹಸು ಹಾಲು ಜಾಸ್ತಿ ಕೊಡಲ್ಲ ಅಲ್ವಾ, ಹಂಗೇ ಇದೂನೂ. ಆದ್ರೆ ಹಾಲಿನ ಪಾತ್ರೆ ದೊಡ್ಡದಾದ್ರೆ ನಷ್ಟ ಏನಿಲ್ಲ, ಜೇನು ಪೆಟ್ಟಿಗೆ ದೊಡ್ಡದಾದ್ರೆ ಒಳಗಿನ ಜೇನು ಕುಟುಂಬವೇ ಬಿಟ್ಟು ಹೋಗುತ್ತೆ. ಅದಕ್ಕೇ ಫೋನಲ್ಲಿ ಅರ್ಧಂಬರ್ಧ ಹೇಳೋ ಬದಲು ಎಲ್ಲಾ ಒಂದೇ ಕಡೆ ಬರೀತಿದೀನಿ.

ಮೊದ್ಲು ಯಾವ ಜೇನು ನೊಣ ಅಂತ ತೀರ್ಮಾನ ಆಗ್ಬೇಕು, ಪೆಟ್ಟಿಗೆ ಆಮೇಲೆ. ನಮ್ಮ ಕಡೆ ಹೆಜ್ಜೇನು ಐತೆ, ಕಡ್ಡಿ ಜೇನು ಐತೆ, ಇವೆರಡನ್ನೂ ಪೆಟ್ಟಿಗೇಲಿ ಸಾಕೋಕಾಗಲ್ಲ, ಅವು ಬಯಲಲ್ಲಿ ಒಂದೇ ಎರಿ, ಅಂದ್ರೆ ಕಣಕಣದ ಮೇಣದ ತಟ್ಟೆ, ಕಟ್ಟೋ ಜಾತಿ, ಕತ್ತಲೆ ಪೆಟ್ಟಿಗೆ ಒಳಗೆ ಕೂರಲ್ಲ. ಪೆಟ್ಟಿಗೇಲಿ ನಿಲ್ಲೋದು ಪೊಟರೆ ಒಳಗೆ ಸಾಲಾಗಿ ಎರಿ ಕಟ್ಟೋ ಜಾತಿ ಮಾತ್ರ. ಅದರಲ್ಲಿ ನಮ್ಮದು ತುಡುವೆ, ಹೊರಗಿಂದ ಬಂದಿದ್ದು ಮೆಲ್ಲಿಫೆರಾ. ಮುಜಂಟಿ ಅಂತ ಕುಟುಕದೇ ಇರೋ ಪುಟಾಣಿ ಜೇನು ಐತಲ್ಲ, ಅದಕ್ಕೆ ಫ್ರೇಮೂ (ಎರಿ ಕಟ್ಟೋಕೆ ಅಂತ ಪೆಟ್ಟಿಗೆ ಒಳಗೆ ನೇತುಹಾಕೋ ಮರದ ಚೌಕಟ್ಟು) ಬೇಡ ಏನೂ ಬೇಡ, ಎರಡು ಮೂರು ಲೀಟರ್ ಹಿಡಿಯೋ ಮರದ ಡಬ್ಬಿ ಇಲ್ಲಾಂದ್ರೆ ಬಿದಿರಿನ ತುಂಡು ಸಾಕು, ಅದರ ವಿಷಯ ಇಲ್ಲಿಗೇ ಬಿಡ್ತೀನಿ.

ತುಡುವೆಗೂ ಮೆಲ್ಲಿಫೆರಾಗೂ ಪೆಟ್ಟಿಗೆ ಯಾಕೆ ಬೇರೆ ಬೇರೆ ಅನ್ನೋದು ನನಗೆ ಓದಿ ಗೊತ್ತಾಗಿದ್ದಕ್ಕಿಂತ ಕಣ್ಣಾರೆ ನೋಡಿ ಗೊತ್ತಾಗಿದ್ದೇ ಹೆಚ್ಚು. ನಮ್ಮ ಅಡಿಕೆ ತೋಟದ ಬದುವಿನಲ್ಲಿ ಒಂದು ಹುತ್ತ ಇತ್ತು, ಹಾವಿಲ್ಲ ಅಂತ ಖಾತ್ರಿ ಮಾಡ್ಕೊಂಡು ಒಂದಿನ ಸಂಜೆ ಅದರೊಳಗಿನ ತುಡುವೆ ಹಿಡಿಯೋಕೆ ಕೂತ್ವಿ. ಮಣ್ಣು ಮೆಲ್ಲಗೆ ಬಿಡಿಸ್ತಾ ಹೋದ್ರೆ ಒಳಗೆ ಆರು ಎರಿ, ಒಂದರ ಪಕ್ಕ ಒಂದು, ಯಾರೋ ಅಳತೆ ಪಟ್ಟಿ ಇಟ್ಟು ನೇತುಹಾಕಿದ ಹಾಗೆ. ನಡುವಿನ ಎರಿ ಮೇಲೆ ಕೈ ಅಗಲಿಸಿ ನೋಡಿದೆ, ಸರಿಯಾಗಿ ಒಂದು ಗೇಣು ಅಗಲ. ಉದ್ದ ಗೇಣಿಗಿಂತ ಒಂಚೂರು ಕಮ್ಮಿ. ಅಂಚಿನ ಎರಿಗಳು ಅಂಗೈಯಷ್ಟೇ. ಎರಿ ಎರಿ ನಡುವೆ ಎರಡು ನೊಣ ಬೆನ್ನಿಗೆ ಬೆನ್ನು ಕೊಟ್ಟು ಓಡಾಡೋಷ್ಟು ಸಂದು, ಅಷ್ಟೇ. ಯಾರ ಹಂಗೂ ಇಲ್ದೆ ತಾವಾಗೇ ಕಟ್ಟಿದ ಮನೆ ಅದು, ಅದರ ಅಳತೆ ನೋಡಿದ್ಮೇಲೆ ಸಣ್ಣ ಪೆಟ್ಟಿಗೆ ಯಾಕೆ ಸಣ್ಣದು ಅಂತ ಯಾರೂ ನನಗೆ ವಿವರಿಸೋ ಅಗತ್ಯ ಬೀಳ್ಲಿಲ್ಲ.

ಆ ಸಣ್ಣ ಪೆಟ್ಟಿಗೆಗೆ ನ್ಯೂಟನ್ ಪೆಟ್ಟಿಗೆ ಅಂತಾರೆ. ಸೇಬು ಬಿದ್ದ ಕಥೆಯ ನ್ಯೂಟನ್ ಅಲ್ಲ, ತಿರುಚಿರಾಪಳ್ಳಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿದ್ದ ಪಾದ್ರಿ ಫಾದರ್ ನ್ಯೂಟನ್, 1911ರಿಂದ 1917ರ ನಡುವೆ ದಕ್ಷಿಣದ ತುಡುವೆ ಗಾತ್ರಕ್ಕೆ ಹೊಂದೋ ಹಂಗೆ ಮಾಡಿ ಜನಕ್ಕೆ ಕಲಿಸಿದ್ರು. ಅದರ ಮರಿ ಫ್ರೇಮಿನ, ಅಂದ್ರೆ ಕೆಳಗಿನ ಕೋಣೇಲಿ ನೊಣ ಮರಿ ಬೆಳೆಸೋ ಫ್ರೇಮಿನ, ಒಳಗಿನ ಅಳತೆ ಸುಮಾರು 8 ಇಂಚು ಉದ್ದ, 5 ಮುಕ್ಕಾಲು ಇಂಚು ಎತ್ತರ. ಹುತ್ತದಲ್ಲಿ ನಾನು ನೋಡಿದ ಗೇಣಿನ ಲೆಕ್ಕಕ್ಕೂ ಇದಕ್ಕೂ ಹತ್ತಿರ ಹತ್ತಿರ ತಾಳೆ ಆಗುತ್ತೆ ನೋಡಿ. ಮೇಲಿನ ಜೇನು ಕೋಣೆ, ಅಂದ್ರೆ ಸೂಪರ್, ಅದರ ಫ್ರೇಮು ಉದ್ದ ಅಷ್ಟೇ ಇದ್ದು ಎತ್ತರ ಮಾತ್ರ ಸುಮಾರು ಎರಡೂವರೆ ಇಂಚು. ಐಎಸ್‌ಐನವರು ಆಮೇಲೆ ಪೆಟ್ಟಿಗೆಗಳಿಗೆ ಒಂದು ಮಾನಕ ಮಾಡಿದ್ರು, ಐಎಸ್ 1515 ಅಂತ, ಅದರಲ್ಲಿ ಎ ಟೈಪು ಬರೋದು ಹೆಚ್ಚುಕಮ್ಮಿ ಇದೇ ನ್ಯೂಟನ್ ಅಳತೆಗೆ. ಬಿ ಟೈಪು ಅದಕ್ಕಿಂತ ದೊಡ್ಡದು, ಉತ್ತರದ ಗುಡ್ಡಗಾಡಿನ ತುಡುವೆಗೆ, ಅಲ್ಲಿನ ತುಡುವೆ ಮೈಯಲ್ಲೂ ದೊಡ್ಡದು ಕುಟುಂಬವೂ ದೊಡ್ಡದು. ನಮ್ಮ ಬಯಲುಸೀಮೆಯವರಿಗೆ ಎ ಟೈಪು ಸಾಕು. ಯಾರಾದ್ರೂ ಬಿ ಟೈಪು ಕಮ್ಮಿ ರೇಟಿಗೆ ಕೊಡ್ತೀನಿ ಅಂದ್ರೂ ತುಡುವೆಗೆ ತಗೋಬೇಡಿ.

ಮೆಲ್ಲಿಫೆರಾದ್ದು ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆ. ಹತ್ತು ಫ್ರೇಮಿನದು ಮುಕ್ಕಾಲು ಇಂಚು ಹಲಗೇಲಿ ಮಾಡಿದ್ರೆ ಹೊರಗಿನ ಉದ್ದ 19⅞ ಇಂಚು, ಅಗಲ 16¼ ಇಂಚು, ಒಳಗೆ 18⅜ ಮತ್ತು 14¾ ಇಂಚು, ಎತ್ತರ ಒಂಬತ್ತೂವರೆ ಇಂಚಿನ ಮೇಲೆ ಒಂಚೂರು. ಫ್ರೇಮಿನ ಮೇಲ್ಪಟ್ಟಿ 19 ಇಂಚು ಉದ್ದ, ಫ್ರೇಮಿನ ಎತ್ತರ 9⅛ ಇಂಚು. ಈ ಒಂದು ಫ್ರೇಮಲ್ಲಿ ಎರಿ ಕಟ್ಟೋಕೆ ಸಿಗೋ ಜಾಗ ನ್ಯೂಟನ್ ಫ್ರೇಮಿನ ಹೆಚ್ಚುಕಮ್ಮಿ ಮೂರರಷ್ಟು. ಈಗ ಲೆಕ್ಕ ಹಾಕಿ, ಹುತ್ತದೊಳಗೆ ಆರು ಎರಿ ಕಟ್ಟಿದ್ದ ಕುಟುಂಬಾನ ತಂದು ಹತ್ತು ಲ್ಯಾಂಗ್‌ಸ್ಟ್ರಾತ್ ಫ್ರೇಮಿನ ಪೆಟ್ಟಿಗೇಲಿ ಬಿಟ್ರೆ ಗಂಡ ಹೆಂಡ್ತಿ ಇಬ್ಬರನ್ನ ಕಲ್ಯಾಣ ಮಂಟಪದಲ್ಲಿ ಸಂಸಾರ ಮಾಡಿ ಅಂದ ಹಂಗಾಗುತ್ತೆ.

ದೊಡ್ಡ ಜಾಗದಿಂದ ತೊಂದರೆ ಏನು ಅಂತ ಕೇಳಿದ್ರೆ ಎರಡು. ಒಂದು ಕಾವು. ಮರಿ ಇರೋ ಜಾಗಾನ ನೊಣಗಳು 34-35 ಡಿಗ್ರಿಯಲ್ಲಿ ಇಟ್ಕೋಬೇಕು, ಡಿಸೆಂಬರ್ ಜನವರಿ ರಾತ್ರಿ ನಮ್ಮಲ್ಲೂ ಚಳಿ ಚೆನ್ನಾಗೇ ಬೀಳುತ್ತೆ, ಖಾಲಿ ಜಾಗ ಜಾಸ್ತಿ ಇದ್ದಷ್ಟೂ ಕಾವು ಕೊಡೋ ಕೆಲಸಕ್ಕೇ ನೊಣಗಳೆಲ್ಲಾ ನಿಂತ್ಬಿಡ್ತವೆ, ಹೊರಗೆ ಹೋಗಿ ಮಕರಂದ ತರೋರು ಯಾರು. ಎರಡನೇದು ಮೇಣದ ಹುಳು. ನೊಣ ಮುಚ್ಚಿ ಕೂತಿರದ ಎರಿ ಸಿಕ್ಕಿದ್ರೆ ಸಾಕು, ಆ ಪತಂಗ ರಾತ್ರಿ ಬಂದು ಮೊಟ್ಟೆ ಇಡುತ್ತೆ, ಆಮೇಲೆ ಎರಿ ತುಂಬಾ ಜೇಡರ ಬಲೆ ತರ ನೂಲು, ಕಪ್ಪು ಕಪ್ಪು ಹಿಕ್ಕೆ, ಮತ್ತೊಂದಿನ ಬೆಳಿಗ್ಗೆ ನೋಡಿದ್ರೆ ಪೆಟ್ಟಿಗೆ ಖಾಲಿ. ತುಡುವೆ ಇದನ್ನ ಸಹಿಸ್ಕೊಂಡು ಕೂರೋ ಜಾತಿ ಅಲ್ಲ, ಬಿಟ್ಟು ಹಾರಿಬಿಡುತ್ತೆ. ನನ್ನ ಮೊದಲ ವರ್ಷ ಮೂರು ಕುಟುಂಬ ಹಿಂಗೇ ಹೋದ್ವು. ದೊಡ್ಡ ಪೆಟ್ಟಿಗೆ, ಎರಡೇ ಎರಡು ಎರಿ, ಉಳಿದಿದ್ದು ಬರೀ ಗಾಳಿ.

ಅದಕ್ಕೇ ತುಡುವೆ ಇಡೋರಿಗೆ ನನ್ನ ಮಾತು ಇದು, ಎಂಟು ಫ್ರೇಮಿನ ಎ ಟೈಪು ಪೆಟ್ಟಿಗೆ, ಜೊತೆಗೆ ನಾಲ್ಕು ಫ್ರೇಮಿನ ಒಂದೆರಡು ಸಣ್ಣ ಪೆಟ್ಟಿಗೆ, ಮತ್ತೆ ಪ್ರತಿ ಪೆಟ್ಟಿಗೆಗೂ ಒಂದೊಂದು ಅಡ್ಡ ಹಲಗೆ. ಈ ಅಡ್ಡ ಹಲಗೆ ಅನ್ನೋದು ಫ್ರೇಮಿನ ತರಾನೇ ನೇತಾಡೋ ಒಂದು ಮರದ ತುಂಡು, ನೊಣ ಇರೋ ಫ್ರೇಮುಗಳ ಪಕ್ಕ ಇದನ್ನ ಬಿಟ್ರೆ ಅಲ್ಲಿಗೆ ಗೋಡೆ ಮುಗೀತು ಅಂತ ಅವಕ್ಕೆ ಲೆಕ್ಕ. ಕುಟುಂಬ ಬೆಳೆದ ಹಾಗೆ ಹಲಗೆ ಪಕ್ಕಕ್ಕೆ ಸರಿಸಿ ಒಂದೊಂದೇ ಫ್ರೇಮು ಕೊಡ್ತಾ ಹೋಗೋದು. ಹಿಂಗೆ ಮಾಡಿದ್ರೆ ಒಂದೇ ಸೈಜಿನ ಪೆಟ್ಟಿಗೇಲಿ ಮೂರು ಎರಿ ಕುಟುಂಬವೂ ಇರುತ್ತೆ ಎಂಟು ಎರಿ ಕುಟುಂಬವೂ ಇರುತ್ತೆ. ಬೇರೆ ಏನು ಮರೆತ್ರೂ ಈ ಹಲಗೆ ಮರೀಬೇಡಿ, ಖರ್ಚು ಏನೂ ಇಲ್ಲ, ಕಸದಲ್ಲಿ ಬಿದ್ದಿರೋ ಹಲಗೆ ತುಂಡು ಸಾಕು.

ನಾಲ್ಕು ಫ್ರೇಮಿನ ಸಣ್ಣ ಪೆಟ್ಟಿಗೆ ಯಾಕೆ ಅಂದ್ರೆ ಪೊಟರೆಯಿಂದಲೋ ಬಾವಿ ಗೋಡೆಯಿಂದಲೋ ಹಿಡಿದು ತರೋವಾಗ, ಆಮೇಲೆ ಒಂದು ಕುಟುಂಬ ಎರಡು ಮಾಡೋವಾಗ ಅದೇ ಬೇಕು. ಹಿಡಿದ ಎರಿಗಳನ್ನ ಚಾಕುವಲ್ಲಿ ಫ್ರೇಮಿನ ಒಳ ಅಳತೆಗೆ ಕತ್ತರಿಸಿ, ಮರಿ ಇರೋ ಭಾಗ ಮಾತ್ರ ಇಟ್ಕೊಂಡು, ಬಾಳೆ ನಾರಲ್ಲಿ ಫ್ರೇಮಿಗೆ ಕಟ್ಟಿಬಿಡೋದು, ತುಪ್ಪ ಇರೋ ಭಾಗ ಕಟ್ಟೋಕೆ ಹೋಗ್ಬೇಡಿ, ಭಾರಕ್ಕೆ ಕಳಚಿ ಬಿದ್ದು ನೊಣ ಅಂಟ್ಕೊಂಡು ಸಾಯ್ತವೆ. ಎರಿಯ ಮೇಲಂಚು ನೇರ ಕತ್ತರಿಸಿ ಫ್ರೇಮಿನ ಮೇಲ್ಪಟ್ಟಿಗೆ ಪೂರ್ತಿ ತಾಗೋ ಹಂಗೆ ಇಡಿ, ಯಾವುದು ಮೇಲೆ ಯಾವುದು ಕೆಳಗೆ ಅಂತ ತಿರುಗಿಸಿ ಕಟ್ಬೇಡಿ. ನಾಲ್ಕೈದು ದಿನಕ್ಕೆ ನೊಣಗಳೇ ಮೇಣ ಹಾಕಿ ಬೆಸೆದು ನಾರನ್ನ ಕಡಿದು ಬಾಗಿಲಾಚೆ ಎಳೆದು ಹಾಕ್ತವೆ. ನಮ್ಮ ಮಗಳಿಗೆ ಅದನ್ನ ನೋಡೋದೇ ಒಂದು ಸಂಭ್ರಮ, ಸ್ಕೂಲಿಂದ ಬಂದು ಬ್ಯಾಗ್ ಇಳಿಸೋಕೂ ಮೊದಲು ಬಾಗಿಲ ಮುಂದೆ ಎಷ್ಟು ನಾರು ಬಿದ್ದಿದೆ ಅಂತ ನೋಡಿ ಬರ್ತಾಳೆ.

ಈಗ ಮುಖ್ಯವಾದ ವಿಷಯಕ್ಕೆ ಬರ್ತೀನಿ, ನೊಣದ ದಾರಿ. ಪೆಟ್ಟಿಗೆ ಸೈಜ್ ಅಂದ್ರೆ ಎಲ್ಲರೂ ಉದ್ದ ಅಗಲ ಅಂದ್ಕೋತಾರೆ, ನಿಜವಾದ ಅಳತೆ ಇರೋದು ಸಂದಿನಲ್ಲಿ. ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಅನ್ನೋ ಪಾದ್ರಿ 1851ರಲ್ಲಿ ಕಂಡ್ಕೊಂಡಿದ್ದು ಇದನ್ನೇ, ಮುಂದಿನ ವರ್ಷ ಪೇಟೆಂಟೂ ಸಿಕ್ತು. ಎರಿಗೂ ಗೋಡೆಗೂ ನಡುವೆ ನೊಣ ಓಡಾಡೋಕೆ ಎಷ್ಟು ಬೇಕೋ ಅಷ್ಟೇ ಸಂದು ಬಿಟ್ರೆ ಅವು ಅದನ್ನ ದಾರಿ ಅಂತ ಬಿಟ್ಕೋತವೆ, ಜಾಸ್ತಿ ಬಿಟ್ರೆ ಅಲ್ಲಿ ಇನ್ನೊಂದು ಎರಿ ಕಟ್ಟಿಬಿಡ್ತವೆ, ಕಮ್ಮಿ ಬಿಟ್ರೆ ಮುಚ್ಚಿಬಿಡ್ತವೆ ಅಥವಾ ಸಿಕ್ಕಾಕೊಂಡು ಸಾಯ್ತವೆ. ಮೆಲ್ಲಿಫೆರಾಗೆ ಇದು 9, ಒಂಬತ್ತೂವರೆ ಎಂಎಂ. ನಮ್ಮ ತುಡುವೆ ಸಣ್ಣದು, 7-8 ಎಂಎಂ. ಅರ್ಧ ಬೆರಳಗಲವೂ ಇಲ್ಲ, ಆದ್ರೆ ಫ್ರೇಮು ಎತ್ತಿದ್ರೆ ಸಲೀಸಾಗಿ ಬರುತ್ತೋ, ಗೋಡೆಗೆ ಅಂಟ್ಕೊಂಡು ಎರಿ ಹರಿದು ತುಪ್ಪ ಸುರಿದು ನೊಣ ಎಲ್ಲಾ ಮೈಮೇಲೆ ಬರ್ತವೋ ಅನ್ನೋದು ಈ ಸಂದಿನ ಮೇಲೇ ನಿಂತಿದೆ.

ನನಗೆ ಇದು ಗೊತ್ತಾಗಿದ್ದು ಹೆಂಗೆ ಅಂದ್ರೆ, ಎರಡನೇ ವರ್ಷ ಊರಿನ ಆಚಾರ್ರ ಹತ್ರ ಆರು ಪೆಟ್ಟಿಗೆ ಮಾಡಿಸಿದೆ. ನನ್ನ ಹತ್ರ ಇದ್ದ ಪೆಟ್ಟಿಗೆ ಟೇಪ್ ಹಿಡಿದು ಹೊರಗಿಂದ ಅಳೆದು ಚೀಟೀಲಿ ಬರೆದುಕೊಟ್ಟೆ. ಆ ಪೆಟ್ಟಿಗೆ ಹಲಗೆ 20 ಎಂಎಂ ದಪ್ಪ. ಆಚಾರ್ರು ಗಟ್ಟಿಮುಟ್ಟಾಗಿರ್ಲಿ ಅಂತ 25 ಎಂಎಂ ಹಲಗೆ ಹಾಕಿದ್ರು. ಹೊರಗಿನ ಅಳತೆ ಚೀಟೀಲಿದ್ದಷ್ಟೇ ಬಂತು, ಒಳಗೆ ಮಾತ್ರ ಎರಡೂ ಕಡೆಯಿಂದ ಐದೈದು ಎಂಎಂ ಹೋಯ್ತು. ಎಂಟು ಎಂಎಂ ಇರಬೇಕಾದ ಸಂದು ಮೂರು ಎಂಎಂ ಆಯ್ತು. ಮೊದಲ ಸಲ ಫ್ರೇಮು ಎತ್ತಿದಾಗ ಕರಕರ ಅಂತ ಸದ್ದು, ಗೋಡೆಗೂ ಫ್ರೇಮಿಗೂ ನಡುವೆ ಸಾಲಾಗಿ ನೊಣ ನುಜ್ಜುಗುಜ್ಜು, ಆ ವಾಸನೆಗೆ ಉಳಿದವು ರೊಚ್ಚಿಗೆದ್ದು ಬಂದ್ವು. ಚೀಟಿ ಕೊಟ್ಟೋನು ನಾನೇ ತಾನೆ, ಆಚಾರ್ರನ್ನ ಏನಂತ ಅನ್ನೋದು. ಹೋಗಿ ಹೇಳ್ದಾಗ ಅವರು ಒಂದೇ ಮಾತು ಅಂದ್ರು, "ಅಣ್ಣ, ನಮಗೆ ಬಾಗ್ಲು ಮಾಡೋವಾಗ್ಲೂ ಒಳಗಿನ ಅಳತೆನೇ ಕೊಡ್ತಾರೆ, ಮನುಷ್ಯ ಒಳಗಿಂದ ತಾನೆ ಹೋಗೋದು, ನೊಣಾನೂ ಹಂಗೇ ಅಲ್ವಾ." ಅವತ್ತಿಂದ ನಾನು ಹೊರಗಿನ ಅಳತೆ ಯಾರಿಗೂ ಕೊಟ್ಟಿಲ್ಲ.

ಹಂಗಾಗಿ ಮಾಡಿಸೋವಾಗ ಫ್ರೇಮಿಂದ ಶುರು ಮಾಡಿ, ಪೆಟ್ಟಿಗೆಯಿಂದ ಅಲ್ಲ. ಒಂದು ಒಳ್ಳೇ ಫ್ರೇಮು ಕೈಯಲ್ಲಿ ಹಿಡ್ಕೊಳ್ಳಿ, ಪಕ್ಕದ ಪಟ್ಟಿಗಳ ಹೊರ ಅಂಚಿಂದ ಹೊರ ಅಂಚಿಗೆ ಅಳೀರಿ, 230 ಎಂಎಂ ಬಂತು ಅನ್ಕೊಳ್ಳಿ, ಎರಡೂ ಕಡೆ 8 ಎಂಎಂ ಸೇರಿಸಿದ್ರೆ 246, ಅದೇ ಪೆಟ್ಟಿಗೆಯ ಒಳಗಿನ ಉದ್ದ. ಅಗಲಕ್ಕೆ ಫ್ರೇಮಿನ ಲೆಕ್ಕ, ತುಡುವೆಗೆ ಒಂದು ಎರಿಯ ನಡುವಿಂದ ಪಕ್ಕದ ಎರಿಯ ನಡುವಿಗೆ 30 ಎಂಎಂ ಆಸುಪಾಸು, ಎಂಟು ಫ್ರೇಮು ಅಂದ್ರೆ 240, ಬೆರಳಾಡಿಸೋಕೆ ಅಂತ ಒಂದು 10 ಎಂಎಂ ಜಾಸ್ತಿ ಬಿಟ್ರೆ 250. ಮೆಲ್ಲಿಫೆರಾಗೆ ಇದೇ ಲೆಕ್ಕ 35 ಎಂಎಂ. ಎತ್ತರಕ್ಕೆ ಫ್ರೇಮಿನ ಎತ್ತರದ ಮೇಲೆ ಒಂದೇ ಒಂದು ನೊಣದ ದಾರಿ ಸೇರಿಸ್ಬೇಕು, ಎರಡಲ್ಲ. ಯಾಕಂದ್ರೆ ಮೇಲೆ ಇನ್ನೊಂದು ಕೋಣೆ ಕೂರಿಸಿದಾಗ ಕೆಳಗಿನ ಫ್ರೇಮಿನ ತಲೆಗೂ ಮೇಲಿನ ಫ್ರೇಮಿನ ಕಾಲಿಗೂ ನಡುವೆ ಸೇರಿ ಒಟ್ಟು ಒಂದೇ ದಾರಿ ಇರ್ಬೇಕು. ಎರಡು ದಾರಿಯಷ್ಟು ಜಾಗ ಬಿಟ್ರೆ ಅಲ್ಲಿ ಮೇಣದ ಸೇತುವೆ ಕಟ್ಟಿ, ಸೂಪರ್ ಎತ್ತಿದ್ರೆ ಕೆಳಗಿನ ಮರಿ ಫ್ರೇಮೂ ಜೊತೇಲೇ ಎದ್ದು ಬರುತ್ತೆ.

ಆಚಾರ್ರಿಗೆ ಚೀಟಿ ಜೊತೆ ಒಂದು ಫ್ರೇಮೂ ಕೊಟ್ಟುಬನ್ನಿ. ಅಳತೆ ತಪ್ಪಾಗಿ ಓದಬಹುದು, ಕೈಯಲ್ಲಿರೋ ಫ್ರೇಮು ಇಳಿಬಿಟ್ಟು ನೋಡಿದ್ರೆ ತಪ್ಪಾಗಲ್ಲ. ಜೊತೆಗೆ 8 ಎಂಎಂ ದಪ್ಪದ ಒಂದು ಕಡ್ಡಿ ಮಾಡ್ಕೊಳ್ಳಿ. ಪೆಟ್ಟಿಗೆ ತಗೊಳೋವಾಗ ಫ್ರೇಮು ಇಳಿಸಿ ನಾಲ್ಕೂ ಕಡೆ ಆ ಕಡ್ಡಿ ತೂರಿಸಿ ನೋಡಿ, ಬಿಗಿಯಾಗೂ ಇರಬಾರದು ಲಡಬಡ ಅಂತಲೂ ಇರಬಾರದು. ಅಂಗಡೀಲಿ ರೆಡಿ ಪೆಟ್ಟಿಗೆ ತಗೊಳೋರೂ ಇದೇ ಕಡ್ಡಿ ಜೇಬಲ್ಲಿಟ್ಕೊಂಡು ಹೋಗಿ, ನೋಡೋಕೆ ಪಾಲಿಶ್ ಹೊಡೆದು ಚೆಂದ ಇರ್ತವೆ, ಕಡ್ಡಿ ತೂರಿಸಿದ್ರೆ ನಿಜ ಗೊತ್ತಾಗುತ್ತೆ.

ಇನ್ನೊಂದು ಮಾತು ಬಹಳ ಜನ ಕೇಳಲ್ಲ, ಆಮೇಲೆ ಪರದಾಡ್ತಾರೆ. ತೋಟದಲ್ಲಿ ಎಷ್ಟೇ ಪೆಟ್ಟಿಗೆ ಇರ್ಲಿ, ಫ್ರೇಮು ಒಂದೇ ಸೈಜ್ ಇರ್ಬೇಕು. ಒಂದು ಸಲ ಸಬ್ಸಿಡೀಲಿ ಸಿಕ್ಕ ಪೆಟ್ಟಿಗೆ, ಇನ್ನೊಂದು ಸಲ ಅಂಗಡಿಯಿಂದ ತಂದಿದ್ದು, ಇನ್ನೊಂದು ಊರಲ್ಲೇ ಮಾಡಿಸಿದ್ದು, ಹಿಂಗೆ ಮೂರು ಕಡೆಯದು ಸೇರಿದ್ರೆ ಎಲ್ಲಾ ನ್ಯೂಟನ್ ಅಂತಾನೇ ಹೇಳಿರ್ತಾರೆ, ಆದ್ರೆ ಮೇಲ್ಪಟ್ಟಿ ಕಿವಿ, ಅಂದ್ರೆ ಪೆಟ್ಟಿಗೆ ಅಂಚಿನ ಮೇಲೆ ಕೂರೋ ತುದಿ, ಮೂರು ನಾಲ್ಕು ಎಂಎಂ ವ್ಯತ್ಯಾಸ ಇರುತ್ತೆ. ಒಂದರ ಫ್ರೇಮು ಇನ್ನೊಂದರೊಳಗೆ ಇಳಿಯಲ್ಲ, ಇಳಿದ್ರೂ ಕಿವಿ ಕೂರದೆ ಕೆಳಕ್ಕೆ ಜಾರುತ್ತೆ. ಬಡಕಲು ಕುಟುಂಬಕ್ಕೆ ಬಲವಾದ ಕುಟುಂಬದಿಂದ ಒಂದು ಮರಿ ಫ್ರೇಮು ಕೊಡೋದು ಜೇನು ಸಾಕಣೇಲಿ ದಿನನಿತ್ಯದ ಕೆಲಸ, ರಾಣಿ ಸತ್ತಾಗ ಮೊಟ್ಟೆ ಇರೋ ಫ್ರೇಮು ಕೊಟ್ಟೇ ಹೊಸ ರಾಣಿ ಮಾಡಿಸೋದು. ಸೈಜ್ ಹೊಂದದಿದ್ರೆ ಪಕ್ಕದಲ್ಲೇ ಔಷಧಿ ಇದ್ರೂ ಕೊಡೋಕಾಗಲ್ಲ. ತುಪ್ಪ ತೆಗೆಯೋ ಮಿಷಿನ್ನೂ ಅಷ್ಟೇ, ಅದರ ಬುಟ್ಟಿಗೆ ನಿಮ್ಮ ಫ್ರೇಮು ಕೂರುತ್ತಾ ನೋಡ್ಕೊಂಡೇ ಪೆಟ್ಟಿಗೆ ತಗೊಳ್ಳಿ, ಊರಲ್ಲಿ ನಾಲ್ಕು ಜನ ಸೇರಿ ಒಂದೇ ಮಿಷಿನ್ ಇಟ್ಕೊಂಡಿದ್ರಂತೂ ನಾಲ್ಕೂ ಜನ ಒಂದೇ ಸೈಜಿಗೆ ಬರೋದು ಒಳ್ಳೇದು.

ಹಂಗಂತ ಫ್ರೇಮು ಹೊಂದುತ್ತೆ ಅಂತ ಯಾರ್ಯಾರದೋ ಹಳೇ ಫ್ರೇಮು ತಂದು ಹಾಕ್ಬೇಡಿ. 1991-92ರಲ್ಲಿ ಥಾಯ್ ಸ್ಯಾಕ್ ಬ್ರೂಡ್ ಅನ್ನೋ ವೈರಸ್ ರೋಗ ದಕ್ಷಿಣದಲ್ಲೆಲ್ಲಾ ಹರಡಿ ತುಡುವೆ ಕುಟುಂಬಗಳು ರಾಶಿ ರಾಶಿ ನಾಶ ಆದ್ವು, ಕೊಡಗು ಮಲೆನಾಡು ಕಡೆ ಜೇನು ನಂಬಿದ್ದ ಮನೆಗಳಲ್ಲಿ ಖಾಲಿ ಪೆಟ್ಟಿಗೆ ಅಟ್ಟ ಸೇರಿದ್ವು. ಮೆಲ್ಲಿಫೆರಾ ನಮ್ಮ ರಾಜ್ಯದಲ್ಲಿ ಹೆಚ್ಚಾಗಿದ್ದೂ ಅದಾದ ಮೇಲೇನೇ. ಮರಿ ಚೀಲದಂಗೆ ನೀರು ತುಂಬ್ಕೊಂಡು ತಲೆ ಎತ್ತಿ ಸತ್ತಿರೋದು ಕಂಡ್ರೆ ಆ ಪೆಟ್ಟಿಗೆ ಫ್ರೇಮು ಬೇರೆ ಯಾವುದಕ್ಕೂ ಹಾಕಬಾರದು.

ಮೇಣದ ಹಾಳೆ ತಗೊಳೋವಾಗಲೂ ಸೈಜ್ ಕೇಳಿ. ಇದನ್ನ ಫ್ರೇಮಿಗೆ ತಂತಿ ಕಟ್ಟಿ ಅಂಟಿಸೋದು, ಅದರ ಮೇಲೆ ಕಣದ ಅಚ್ಚು ಇರುತ್ತೆ. ದಕ್ಷಿಣದ ತುಡುವೆಗೆ ಇಂಚಿಗೆ ಆರು ಕಣ ಹತ್ರ ಬರುತ್ತೆ, ಮೆಲ್ಲಿಫೆರಾಗೆ ಇಂಚಿಗೆ ಐದೂ ಬರಲ್ಲ. ಮೆಲ್ಲಿಫೆರಾ ಹಾಳೆ ಕತ್ತರಿಸಿ ತುಡುವೆ ಫ್ರೇಮಿಗೆ ಹಾಕಿದ್ರೆ ಕಣ ದೊಡ್ಡದಾಗಿ ಗಂಡು ನೊಣದ ಎರಿ ಆಗುತ್ತೆ ಇಲ್ಲಾ ಅಡ್ಡಾದಿಡ್ಡಿ ಕಟ್ತವೆ. ತುಡುವೆ ಹಾಳೆ ಸಿಗದಿದ್ರೆ ಹಾಳೇನೇ ಬೇಡ, ಮೇಲ್ಪಟ್ಟಿ ನಡುಮಧ್ಯ ಕರಗಿಸಿದ ಮೇಣ ಒಂದು ಗೆರೆ ಎಳೆದುಬಿಡಿ, ಆ ಗೆರೆ ಹಿಡ್ಕೊಂಡು ನೇರ ಕಟ್ತವೆ.

ಇನ್ನು ಮೆಲ್ಲಿಫೆರಾ ಯಾರಿಗೆ ಅನ್ನೋದು. ಇದು ಹೂವಿನ ಹಿಂದೆ ಪೆಟ್ಟಿಗೆ ಲಾರೀಲಿ ಹೊತ್ಕೊಂಡು ಓಡಾಡೋರ ಜೇನು. ಕುಟುಂಬ ದೊಡ್ಡದು, ತುಪ್ಪ ಜಾಸ್ತಿ ನಿಜ, ಆದ್ರೆ ಹೂವಿಲ್ಲದ ತಿಂಗಳಲ್ಲಿ ಹಸಿವೂ ಅಷ್ಟೇ ಜಾಸ್ತಿ. ನಮ್ಮಲ್ಲಿ ಮಳೆಗಾಲದ ಜೂನ್ ಜುಲೈ ಆಗಸ್ಟ್ ಕಷ್ಟದ ಕಾಲ, ಹುಚ್ಚೆಳ್ಳು ಹೂ ಹಳದಿ ಆಗೋವರೆಗೂ ಸಕ್ಕರೆ ಪಾಕ ಕೊಡ್ತಾನೇ ಇರ್ಬೇಕು, ಮಿಕ್ಕಂತೆ ಸೂರ್ಯಕಾಂತಿ ಎಲ್ಲಿದೆ ಮಾವು ಎಲ್ಲಿದೆ ಅಂತ ಹುಡುಕ್ಕೊಂಡು ಪೆಟ್ಟಿಗೆ ಸಾಗಿಸ್ಬೇಕು. ಶ್ರೀನಿವಾಸಪುರದ ಮಾವಿನ ತೋಟಗಳ ಕಡೆ ಹೂವಿನ ಟೈಮಲ್ಲಿ ಸಾಲಾಗಿ ಇಟ್ಟಿರೋ ಪೆಟ್ಟಿಗೆ ನೋಡಿರ್ತೀರಿ. ತೆಂಗು ಅಡಿಕೆ ನಡುವೆ ಹತ್ತು ಪೆಟ್ಟಿಗೆ ಇಟ್ಕೊಂಡು ಇರೋ ಜಾಗದಲ್ಲೇ ಬಿಡೋರಿಗೆ ತುಡುವೆನೇ ಸರಿ. ತೆಂಗು ತಿಂಗಳಿಗೊಂದು ಹೊಂಬಾಳೆ ಬಿಡುತ್ತಲ್ಲ, ವರ್ಷಪೂರ್ತಿ ಒಂಚೂರಾದ್ರೂ ಪರಾಗ ಸಿಗುತ್ತೆ, ಬದುವಲ್ಲಿ ಹೊಂಗೆ ಬೇವು ಹುಣಸೆ ಇದ್ರೆ ಬೇಸಿಗೆ ಸುಗ್ಗಿ.

ಮೆಲ್ಲಿಫೆರಾನೇ ಇಡ್ತೀನಿ ಅನ್ನೋರು ತೂಕದ ಲೆಕ್ಕ ಮೊದ್ಲು ಹಾಕಿ. ಹತ್ತು ಫ್ರೇಮಿನ ಆಳದ ಕೋಣೆ ಪೂರ್ತಿ ತುಪ್ಪ ತುಂಬಿದ್ರೆ 35-40 ಕೆಜಿ, ಅಂದ್ರೆ ಹೆಚ್ಚುಕಮ್ಮಿ ಒಂದು ಸಿಮೆಂಟ್ ಮೂಟೆಗೆ ಹತ್ತು ಕೆಜಿ ಕಮ್ಮಿ, ಅದನ್ನ ನೊಣ ಮುಖದ ಸುತ್ತ ಸುತ್ತುತಾ ಇರೋವಾಗ ಕುಲುಕದೆ ಎತ್ತಿ ಇಳಿಸ್ಬೇಕು. ಆರೂವರೆ ಇಂಚು ಎತ್ತರದ ಮಧ್ಯಮ ಸೂಪರ್ ಆದ್ರೆ 25 ಕೆಜಿ ಆಸುಪಾಸು. ಎಂಟು ಫ್ರೇಮಿನ ಪೆಟ್ಟಿಗೆ ಇನ್ನೂ ಹಗುರ. ನಮ್ಮ ಅತ್ತಿಗೆ ಒಬ್ಬರೇ ತೋಟದಲ್ಲಿ ಎಲ್ಲಾ ನೋಡ್ಕೊಳೋದು, ಅವರು ಕೇಳಿದಾಗ ನಾನು "ಅತ್ತಿಗೆ, ತುಪ್ಪ ಎಷ್ಟು ಬರುತ್ತೆ ಅಂತ ನೋಡ್ಬೇಡಿ, ಬೆನ್ನು ಎಷ್ಟು ತಡೆಯುತ್ತೆ ಅಂತ ನೋಡಿ" ಅಂದಿದ್ದೆ, ಅವರು ತುಡುವೆ ಎ ಟೈಪು ತಗೊಂಡ್ರು, ಈಗ ಸೂಪರ್ ಒಂದೇ ಕೈಲಿ ಇಳಿಸ್ತಾರೆ. ಲಾರಿ, ಆಳು, ಇಬ್ಬರು ಸೇರಿ ಎತ್ತೋ ವ್ಯವಸ್ಥೆ ಇರೋರಿಗೆ ಹತ್ತು ಫ್ರೇಮಿನದೇ ಅನುಕೂಲ, ಫ್ರೇಮು, ಹಾಳೆ, ಮಿಷಿನ್ ಎಲ್ಲಾ ಆ ಸೈಜಿಗೇ ಸುಲಭವಾಗಿ ಸಿಗುತ್ತೆ. ಮಧ್ಯಮ ಸೂಪರ್ ನೋಡೋಕೆ ಚೆಂದ ಅನ್ಸುತ್ತೆ, ಆದ್ರೆ ನಮ್ಮ ಕಡೆ ಅದರ ಫ್ರೇಮು ಹುಡುಕ್ಕೊಂಡು ಅಲೀಬೇಕಾಗುತ್ತೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಮೆಲ್ಲಿಫೆರಾ ಸೂಪರಲ್ಲಿ ಎರಿ ಒಂದು ಸಲ ಕಟ್ಟಿ ಆದ್ಮೇಲೆ ಹತ್ತರ ಜಾಗದಲ್ಲಿ ಒಂಬತ್ತೇ ಫ್ರೇಮು ಇಟ್ರೆ ತುಪ್ಪದ ಎರಿ ದಪ್ಪ ಬರುತ್ತೆ, ಕಣಗಳ ಮೇಲಿನ ಮೇಣದ ಮುಚ್ಚಳ ಕೊಯ್ಯೋಕೆ ಸುಲಭ. ಮರಿ ಕೋಣೇಲಿ ಮಾತ್ರ ಹತ್ತಕ್ಕೆ ಹತ್ತೂ ಇರ್ಲಿ.

ಸಣ್ಣ ಪೆಟ್ಟಿಗೆಯ ಇನ್ನೊಂದು ಲಾಭ ಕೋಲಾರ ಚಿಕ್ಕಬಳ್ಳಾಪುರದವರಿಗೆ ಚೆನ್ನಾಗಿ ಗೊತ್ತಿರುತ್ತೆ. ಪಕ್ಕದ ದ್ರಾಕ್ಷಿ ತೋಟದಲ್ಲೋ ಟೊಮ್ಯಾಟೊ ಹೊಲದಲ್ಲೋ ನಾಳೆ ಔಷಧಿ ಹೊಡೀತೀವಿ ಅಂದ್ರೆ ರಾತ್ರಿ ನೊಣ ಎಲ್ಲಾ ಒಳಗೆ ಬಂದ್ಮೇಲೆ ಬಾಗಿಲಿಗೆ ಜಾಲರಿ ಹೊಡೆದು, ಟಿವಿಎಸ್ ಎಕ್ಸೆಲ್ ಹಿಂದೆ ಗೋಣಿಚೀಲ ಮಡಿಸಿ ಹಾಕಿ ಪೆಟ್ಟಿಗೆ ಕಟ್ಕೊಂಡು ಮೂರ್ನಾಲ್ಕು ಕಿಲೋಮೀಟರ್ ಆಚೆ ನೆಂಟರ ತೋಟಕ್ಕೆ ಬಿಟ್ಟು ಬರಬಹುದು. ಒಂದು ಕಿಲೋಮೀಟರೊಳಗೆ ಇಟ್ರೆ ನೊಣ ಹಳೇ ಜಾಗಕ್ಕೇ ವಾಪಸ್ ಬರ್ತವೆ, ಅದಕ್ಕೇ ದೂರ. ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆ ಹಿಂಗೆ ಒಬ್ಬರೇ ಸಾಗಿಸೋಕಾಗಲ್ಲ.

ಸೂಪರ್ ಇಡೋ ವಿಚಾರದಲ್ಲಿ ಅವಸರ ಬೇಡ. ಕೆಳಗಿನ ಮರಿ ಕೋಣೇಲಿ ಅಂಚಿನ ಫ್ರೇಮುಗಳೂ ನೊಣದಿಂದ ಮುಚ್ಚಿಹೋಗಿ, ಎರಿಯ ತಲೆಭಾಗದಲ್ಲಿ ಹೊಸ ಬಿಳಿ ಮೇಣ ಕಾಣಿಸ್ಕೊಂಡ್ಮೇಲೆ ಇಡಿ. ಹೊಂಗೆ ಮೊಗ್ಗು ಬಿಟ್ಟಾಗ ಒಂದು ಸೂಪರ್, ಅದು ಮುಕ್ಕಾಲು ತುಂಬಿದ್ಮೇಲೆ ಇನ್ನೊಂದು. ಸುಗ್ಗಿ ಮುಗಿದ ಮೇಲೆ ಖಾಲಿ ಸೂಪರ್ ತೆಗೆದಿಡ್ಬೇಕು, ಮಳೆಗಾಲ ಪೂರ್ತಿ ಮೇಲೇ ಬಿಟ್ರೆ ಮತ್ತೆ ಅದೇ ಖಾಲಿ ಜಾಗ, ಅದೇ ಮೇಣದ ಹುಳು. ಬಾಗಿಲೂ ಸೈಜಿನದೇ ವಿಷಯ, ತುಡುವೆಗೆ ಬಾಗಿಲ ಎತ್ತರ 8 ಎಂಎಂ ಸಾಕು, ಅಗಲ ಕುಟುಂಬ ನೋಡ್ಕೊಂಡು ಒಂದೆರಡು ಇಂಚು, ಜಾಸ್ತಿ ಬಿಟ್ರೆ ಕಣಜ ನುಗ್ಗುತ್ತೆ, ಹಲ್ಲಿ ನುಗ್ಗುತ್ತೆ. ಸ್ಟ್ಯಾಂಡ್ ಕಾಲಿಗೆ ನೀರಿನ ಬಟ್ಟಲು ಇಡೋದು ಹೇಳೋದೇ ಬೇಡ, ಇರುವೆ ನಮ್ಮ ಸೀಮೇಲಿ ಎಲ್ಲರಿಗೂ ಗೊತ್ತು.

ಮರ ಯಾವುದು ಅಂದ್ರೆ ತೇಗ ಒಳ್ಳೇದು ದುಬಾರಿ, ಹಲಸು ಸಿಕ್ಕಿದ್ರೆ ಬಹಳ ಒಳ್ಳೇದು, ಸಿಲ್ವರ್ ಓಕ್ ಕೂಡ ನಡೆಯುತ್ತೆ. ಪ್ಲೈವುಡ್ ಎರಡು ಮಳೆಗೆ ಪದರ ಬಿಡುತ್ತೆ. ಹಲಗೆ 20 ಎಂಎಂಗಿಂತ ತೆಳ್ಳಗೆ ಬೇಡ, ಏಪ್ರಿಲ್ ಬಿಸಿಲಿಗೆ ಒಳಗೆ ಮೇಣ ಮೆತ್ತಗಾಗಿ ಎರಿ ಜಾರುತ್ತೆ. ಹೊರಗೆ ಬಿಳೀ ಅಥವಾ ತಿಳೀ ಬಣ್ಣ ಹೊಡೀರಿ, ಒಳಗೆ ಏನೂ ಹೊಡೀಬೇಡಿ. ಎಲ್ಲಕ್ಕಿಂತ ಮುಖ್ಯ ಮರ ಚೆನ್ನಾಗಿ ಒಣಗಿರ್ಬೇಕು. ಹಸಿ ಹಲಗೇಲಿ ಎಂಎಂ ಲೆಕ್ಕ ಹಾಕಿ ಮಾಡಿಸಿದ್ರೆ ಬೇಸಿಗೆಗೆ ಹಲಗೆ ಕುಗ್ಗಿ ಬಾಗಿ ನೀವು ಕಡ್ಡಿ ಇಟ್ಟು ನೋಡಿದ ಸಂದು ಎಲ್ಲಾ ಬದಲಾಗುತ್ತೆ. ಅದಕ್ಕೇ ಹಲಗೆ ದೀಪಾವಳಿ ಹೊತ್ತಿಗೆಲ್ಲಾ ಕೊಯ್ಸಿ ನೆರಳಲ್ಲಿ ಪೇರಿಸಿ, ಹಲಗೆ ಹಲಗೆ ನಡುವೆ ಕಡ್ಡಿ ಕೊಟ್ಟು ಗಾಳಿ ಆಡೋಕೆ ಬಿಡಿ, ಸಂಕ್ರಾಂತಿ ಕಳೆದ ಮೇಲೆ ಆಚಾರ್ರ ಹತ್ರ ಹೋಗಿ. ಹೊಂಗೆ ಹೂ ಬಿಡೋಕೆ ಇನ್ನೂ ಟೈಮಿರುತ್ತೆ, ಮೊದಲ ಪೆಟ್ಟಿಗೆ ಒಂದು ಮಾಡಿಸಿ ಫ್ರೇಮು ಇಳಿಸಿ ನೋಡಿ, ಅದು ಸರಿ ಬಂದ್ಮೇಲೆ ಉಳಿದಿದ್ದಕ್ಕೆ ಹೇಳಿ.